ಸೆಕೆಂಡ್ ಹ್ಯಾಂಡ್ ಕಾರಿಗೆ ಕೂಲಂಟ್ ಆರಿಸಿದ ಬಗೆ

ಹಿಂದಿನ ಮಾಲೀಕರು ಯಾವ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹಾಕಿಸಿದ್ದರೆಂಬ ಮಾಹಿತಿಯೇ ಇಲ್ಲದ ಕಾರು ಕೈಗೆ ಬಂದಾಗ, ಇದ್ದುದರ ಮೇಲೆ ಹೊಸದನ್ನು ಸುರಿಯದೆ ಪೂರ್ತಿ ಬದಲಿಸಲು ನಿರ್ಧರಿಸಿದೆ. ಟ್ಯಾಂಕಿನಲ್ಲಿದ್ದ ದ್ರವ ಹಸಿರೂ ಅಲ್ಲದ, ಕೆಂಪೂ ಅಲ್ಲದ ಮಂಕು ಬಣ್ಣಕ್ಕೆ ತಿರುಗಿತ್ತು. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಹೊಂದಿಸುವ ರೂಢಿ ಇದ್ದರೂ, ಬಣ್ಣವೆಂಬುದು ತಯಾರಕರು ತಮ್ಮಿಷ್ಟದಂತೆ ಬೆರೆಸುವ ಡೈ ಅಷ್ಟೇ. ಆದ್ದರಿಂದ ಕಾರಿನ ಕೈಪಿಡಿಯಲ್ಲಿದ್ದ ಸ್ಪೆಸಿಫಿಕೇಶನ್ ಸಂಖ್ಯೆಯನ್ನು ಬರೆದುಕೊಂಡು, ಕ್ಯಾನುಗಳ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದನ್ನೇ ಹುಡುಕಿದೆ. ‘ಎಲ್ಲ ವಾಹನಗಳಿಗೂ ಸೂಕ್ತ’ ಎಂಬ ಮುಂಬದಿಯ ದಪ್ಪಕ್ಷರಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಹುತೇಕ ಕೂಲಂಟ್‌ಗಳ ಮೂಲದ್ರವ ಎಥಿಲೀನ್ ಗ್ಲೈಕಾಲ್. ವ್ಯತ್ಯಾಸವಿರುವುದು ತುಕ್ಕು ತಡೆಯಲು ಸೇರಿಸುವ ರಾಸಾಯನಿಕಗಳಲ್ಲಿ. ಹಳೆಯ ಬಗೆಯವುಗಳಲ್ಲಿ ಸಿಲಿಕೇಟ್‌ನಂಥ ಲವಣಗಳು ಲೋಹದ ಮೇಲೆಲ್ಲ ತೆಳುವಾದ ಪದರ ಕಟ್ಟಿ ಬೇಗ ಸವೆಯುವುದರಿಂದ ಸುಮಾರು 2 ವರ್ಷಕ್ಕೆ ಬದಲಿಸಬೇಕಾಗುತ್ತದೆ. ಸಾವಯವ ಆಮ್ಲ ಬಳಸುವ ಒಎಟಿ ಬಗೆಯದು ತುಕ್ಕು ಹಿಡಿಯತೊಡಗುವ ಜಾಗದಲ್ಲಷ್ಟೇ ಕೆಲಸ ಮಾಡುವ ಕಾರಣ ಸಾಮಾನ್ಯವಾಗಿ 5 ವರ್ಷ ಬಾಳುತ್ತದೆ. ಇವೆರಡನ್ನೂ ಕೂಡಿಸಿದ ಹೈಬ್ರಿಡ್‌ಗಳಲ್ಲಿ ಜಪಾನ್, ಕೊರಿಯಾದ ತಯಾರಕರು ಸಾಮಾನ್ಯವಾಗಿ ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಸೇರಿಸುತ್ತಾರೆ. ಗಡಸು ನೀರಿನೊಡನೆ ಫಾಸ್ಫೇಟ್ ಗಟ್ಟಿ ಪದರವಾಗುತ್ತದೆಂದು ಯುರೋಪಿನವರು ಹೆಚ್ಚಾಗಿ ಸಿಲಿಕೇಟ್‌ ಕಡೆ ವಾಲಿದ್ದಾರೆ. ನನ್ನ ಕೈಪಿಡಿ ಹೇಳಿದ್ದು ಫಾಸ್ಫೇಟ್ ಇರುವ ಬಗೆ.

ಇನ್ನು ಉಳಿದದ್ದು ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಕೊಳ್ಳುವುದೋ, ನೀರು ಬೆರೆಸದ ಕಾನ್ಸಂಟ್ರೇಟ್ ಕೊಳ್ಳುವುದೋ ಎಂಬ ಪ್ರಶ್ನೆ. ತಣ್ಣಗಿನ ಎಂಜಿನ್‌ನಿಂದ ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ದ್ರವವನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ತೆರೆಯುವವರೆಗೆ ಎಂಜಿನ್ ಓಡಿಸಿ, ಆರಿದ ಮೇಲೆ ಮತ್ತೆ ಇಳಿಸುವ ಕೆಲಸವನ್ನು ನೀರು ತಿಳಿಯಾಗಿ ಬರುವ ತನಕ ಮಾಡಿದ್ದೆ. ವ್ಯವಸ್ಥೆಯ ಒಟ್ಟು ಸಾಮರ್ಥ್ಯ 6 ಲೀಟರ್. ಕೆಳಗೆ ಇಳಿಯುತ್ತಿದ್ದುದು ಸುಮಾರು 4 ಲೀಟರ್. ಅಂದರೆ ಎಂಜಿನ್ ಬ್ಲಾಕ್ ಮತ್ತು ಹೀಟರ್‌ನಲ್ಲಿ 2 ಲೀಟರ್ ಬರೀ ನೀರು ಉಳಿಯುತ್ತಿತ್ತು. ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ ರೆಡಿಮಿಕ್ಸ್ 4 ಲೀಟರ್ ಹಾಕಿದ್ದರೆ ಗ್ಲೈಕಾಲ್ ಪ್ರಮಾಣ ಶೇ. 33ಕ್ಕೆ ಕುಸಿಯುತ್ತಿತ್ತು, ತುಕ್ಕು ತಡೆಯುವ ಅಂಶವೂ ಅದರೊಂದಿಗೇ ತೆಳುವಾಗುತ್ತಿತ್ತು. ಹಾಗಾಗಿ ಮೊದಲು 3 ಲೀಟರ್ ಕಾನ್ಸಂಟ್ರೇಟ್, ಬಳಿಕ 1 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿದೆ. ಕಾನ್ಸಂಟ್ರೇಟ್ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಆಧಾರವಿಲ್ಲ: ಶಾಖ ಹೊರುವುದರಲ್ಲಿ ನೀರೇ ಮೇಲು, ಜೊತೆಗೆ ಅರ್ಧಕ್ಕರ್ಧ ಮಿಶ್ರಣ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದಿದ್ದರೆ, ಬರೀ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಗಾಳಿ ಹೊರಹಾಕಿದ ಮೇಲೆ, ಮರುದಿನ ತಣ್ಣಗಿದ್ದಾಗ ಮುಚ್ಚಳ ತೆಗೆದು ಒಂದು ಹನಿಯನ್ನು, ದ್ರವ ಎಷ್ಟು ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲಿಟ್ಟು ನೋಡಿದೆ. ನೀಲಿ, ಬಿಳಿ ಭಾಗಗಳು ಸೇರುವ ಗೆರೆ ಮೈನಸ್ 36ರ ಹತ್ತಿರ ನಿಂತಿತ್ತು. ಮಟ್ಟ ಸ್ವಲ್ಪ ಇಳಿದಿದ್ದರಿಂದ ಅದೇ ಸಂಖ್ಯೆಯ ರೆಡಿಮಿಕ್ಸ್ ಹಾಕಿದೆ. ಮೇಲಿಂದ ಸ್ವಲ್ಪ ತುಂಬುವುದಕ್ಕೆ ಅದೇ ಅನುಕೂಲ.