ಬೆಟ್ಟ ಹತ್ತೋಕೆ ಮುಂಚಿನ ದಿನಗಳು: ಟೀಮ್ ಕರ್ಕೊಂಡು ಕಾಠ್ಮಂಡು ದಾಟಿ ಲುಕ್ಲಾ ತಲುಪೋದು ಹೇಗೆ

ನೇಪಾಳದ ಐಲ್ಯಾಂಡ್ ಪೀಕಲ್ಲಿ ಬಂಡೆ ಮುಗಿದು ಹಿಮ ಶುರುವಾಗೋ ಜಾಗಕ್ಕೆ ಕ್ರ್ಯಾಂಪಾನ್ ಪಾಯಿಂಟ್ ಅಂತಾರೆ. ಕ್ರ್ಯಾಂಪಾನ್ ಅಂದ್ರೆ ಹಿಮದಲ್ಲಿ ಜಾರದ ಹಾಗೆ ಬೂಟಿನಡಿ ಸಿಗಿಸೋ ಲೋಹದ ಹಲ್ಲುಗಳು. ಬೆಳಗಿನ ಜಾವ ಅಲ್ಲಿ ಕೂತ್ಕೊಂಡು ನಮ್ಮ ಟೀಮಿನ ಒಬ್ಬ ಹುಡುಗ ಕ್ರ್ಯಾಂಪಾನ್ ಹಾಕ್ಕೊಳ್ಳೋಕೆ ಮುಕ್ಕಾಲು ಗಂಟೆ ಒದ್ದಾಡಿದ. ಹಾಕ್ತಾನೆ, ಎದ್ದು ಎರಡು ಹೆಜ್ಜೆ ಇಡ್ತಾನೆ, ಮುಂದಿನ ತಂತಿ ಬೂಟಿನ ತುದಿಯಿಂದ ಜಾರಿ ಆಚೆ ಬರುತ್ತೆ. ಬಾಡಿಗೆ ಬೂಟು, ತುದಿಯ ಅಂಚು ಸವೆದು ನುಣ್ಣಗಾಗಿತ್ತು. ಗ್ಲೌಸ್ ತೆಗೆದು ಕೆಲಸ ಮಾಡಿ ಬೆರಳು ಮರಗಟ್ಟಿದ್ವು. ಅಲ್ಲಿಂದಲೇ ವಾಪಸ್ ಇಳಿದ. ಮೈಯಲ್ಲಿ ಶಕ್ತಿ ಇತ್ತು, ಆಕಾಶ ಶುಭ್ರವಾಗಿತ್ತು, ಎರಡು ವರ್ಷ ದುಡ್ಡು ಕೂಡಿಟ್ಟು ಬಂದಿದ್ದ. ಆ ಬೂಟನ್ನ ಹನ್ನೆರಡು ದಿನ ಮುಂಚೆ ಕಾಠ್ಮಂಡುವಲ್ಲಿ ಐದೇ ನಿಮಿಷದಲ್ಲಿ ಆರಿಸಿದ್ವಿ, ಕ್ರ್ಯಾಂಪಾನ್ ಸಿಗಿಸಿ ನೋಡಿರಲಿಲ್ಲ.

ಬೆಂಗಳೂರಿಂದ ಹೋಗೋ ಟೀಮ್‌ಗಳು ಆರು ತಿಂಗಳು ಓಡ್ತಾರೆ, ಸಾವನದುರ್ಗ ಹತ್ತಿ ಇಳೀತಾರೆ, ಕುಮಾರ ಪರ್ವತಕ್ಕೆ ಭಾರ ಹೊತ್ಕೊಂಡು ಹೋಗ್ತಾರೆ, ಆಮೇಲೆ ವಿಮಾನ ಹತ್ತಿದ ದಿನದಿಂದ ಲುಕ್ಲಾ (ನಡಿಗೆ ಶುರುವಾಗೋ ಬೆಟ್ಟದೂರು) ಇಳಿಯೋವರೆಗಿನ ನಾಲ್ಕೈದು ದಿನವನ್ನ ಟೂರ್ ಥರ ಕಳೆದುಬಿಡ್ತಾರೆ. ಕೆಡೋದೆಲ್ಲ ಅಲ್ಲೇ. ಇಲ್ಲಿ ಬರೀತಿರೋದು ಐಲ್ಯಾಂಡ್ ಪೀಕ್ ಅಂದ್ರೆ ಇಮ್ಜಾ ತ್ಸೆ, 6,189 ಮೀಟರ್, 1953ರ ಎವರೆಸ್ಟ್ ತಂಡದ ಕೆಲವರು ತಯಾರಿಗೆ ಅಂತ ಹತ್ತಿದ್ದ ಬೆಟ್ಟ. ಮೇರಾ ಪೀಕಿಗೆ ಹೋಗೋರಿಗೂ ಲುಕ್ಲಾವರೆಗೆ ಇದೇ ಕಥೆ.

1. ಹೆಸರು ಸರಿ ಮಾಡ್ಕೊಳ್ಳಿ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು, ಆದ್ರೆ ಆಧಾರ್ ತೋರಿಸಿ ಹೋಗ್ತೀನಿ ಅಂತ ಏರ್‌ಪೋರ್ಟಿಗೆ ಬಂದು ನಿಲ್ಲೋರು ಈಗಲೂ ಇದಾರೆ, ದೊಡ್ಡೋರಿಗೆ ಅದು ನಡಿಯಲ್ಲ (15 ವರ್ಷದ ಒಳಗಿನೋರಿಗೆ, 65 ದಾಟಿದೋರಿಗೆ ಮಾತ್ರ ವಿನಾಯಿತಿ). ನನ್ನ ಮಾತು ಕೇಳಿ, ಎಲ್ಲರೂ ಪಾಸ್‌ಪೋರ್ಟೇ ತಗೊಳ್ಳಿ. ಪರ್ಮಿಟ್, ಇನ್ಶೂರೆನ್ಸ್, ಲುಕ್ಲಾ ಟಿಕೆಟ್ ಎಲ್ಲ ಒಂದೇ ನಂಬರಲ್ಲಿ ಇದ್ರೆ ತಲೆನೋವಿಲ್ಲ.

ನಮ್ಮೋರಿಗೆ ಇನಿಷಿಯಲ್ ಒಂದು ದೊಡ್ಡ ಸಮಸ್ಯೆ. ಆಫೀಸಲ್ಲಿ ಮಂಜುನಾಥ ಕೆ., ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೋ ಊರ ಹೆಸರೋ ಪೂರ್ತಿ ಬಿಡಿಸಿರುತ್ತೆ, ಇಲ್ಲಾಂದ್ರೆ ಸರ್‌ನೇಮ್ ಜಾಗ ಖಾಲಿ. ಹತ್ತು ಜನರ ಟಿಕೆಟ್ ಒಬ್ಬನೇ ಕೂತು ವಾಟ್ಸಾಪಲ್ಲಿ ಬಂದ ಹೆಸರು ನೋಡಿ ಬುಕ್ ಮಾಡಿದ್ರೆ ಮೂರಾದ್ರೂ ತಪ್ಪಾಗುತ್ತೆ. ಎಲ್ಲರ ಹತ್ರನೂ ಪಾಸ್‌ಪೋರ್ಟ್ ಪುಟದ ಫೋಟೋ ತರಿಸ್ಕೊಳ್ಳಿ, ಅದನ್ನ ನೋಡ್ಕೊಂಡೇ ಟೈಪ್ ಮಾಡಿ. ಡೆಲ್ಲಿ ಮೇಲೆ ಹೋಗೋದಾದ್ರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರ್ಲಿ. ಬೇರೆ ಬೇರೆ ತಗೊಂಡ್ರೆ ಸಾವಿರ ಎರಡು ಸಾವಿರ ಉಳಿಯುತ್ತೆ ನಿಜ, ಮೊದಲನೇದು ಲೇಟಾದ್ರೆ ಎರಡನೇದರ ದುಡ್ಡು ಹೋಯ್ತು, ಲಗೇಜೂ ಇಳಿಸ್ಕೊಂಡು ಮತ್ತೆ ಹಾಕ್ಬೇಕು.

2. ಇನ್ಶೂರೆನ್ಸ್ ಪಾಲಿಸಿನ ಜೋರಾಗಿ ಓದಿ

ಟೀಮ್ ಮೀಟಿಂಗಲ್ಲಿ ಒಬ್ಬರು ಓದ್ಬೇಕು, ಉಳಿದೋರು ಕೇಳ್ಬೇಕು. ಎಷ್ಟು ಮೀಟರ್ ಎತ್ತರದವರೆಗೆ ಕವರ್, ಹಗ್ಗ ಕ್ರ್ಯಾಂಪಾನ್ ಬಳಸಿದ್ರೆ ಕವರ್ ಉಂಟಾ, ಹೆಲಿಕಾಪ್ಟರ್‌ಗೆ ಮೊದಲೇ ಯಾರಿಗೆ ಫೋನ್ ಮಾಡಿ ಒಪ್ಪಿಗೆ ತಗೋಬೇಕು, ಈ ಮೂರಕ್ಕೆ ಉತ್ತರ ಸಿಗದ ಪಾಲಿಸಿ ಬಿಟ್ಹಾಕಿ. ಟಿಕೆಟ್ ಬುಕ್ ಮಾಡೋವಾಗ ಟಿಕ್ ಹಾಕಿದ್ರೆ ಬರುತ್ತಲ್ಲ ಆ ಟ್ರಾವೆಲ್ ಇನ್ಶೂರೆನ್ಸ್, ಅದು ಇದಕ್ಕೆ ಪ್ರಯೋಜನ ಇಲ್ಲ. ಇನ್ನೊಂದು ವಿಷಯ, ಬೇಕಿಲ್ದೇ ಇದ್ರೂ ಹೆಲಿಕಾಪ್ಟರ್ ಕರೆಸಿ ಇನ್ಶೂರೆನ್ಸಿಂದ ದುಡ್ಡು ಎಳೆಯೋ ದಂಧೆ ಅಲ್ಲಿ ನಡೆದಿತ್ತು, 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸ್ತು. ಹಾಗಾಗಿ ಹೆಲಿಕಾಪ್ಟರ್ ಬೇಕೋ ಬೇಡ್ವೋ ಅನ್ನೋದನ್ನ ಟೀಮ್ ಲೀಡರ್ ಮತ್ತು ಹುಷಾರಿಲ್ಲದ ವ್ಯಕ್ತಿ ನಿರ್ಧಾರ ಮಾಡ್ಬೇಕು.

3. ಬ್ಯಾಗ್

ಐಸ್ ಆಕ್ಸ್, ಕ್ರ್ಯಾಂಪಾನ್, ಟ್ರೆಕಿಂಗ್ ಪೋಲ್ ಚೆಕ್-ಇನ್‌ಗೆ. ಪವರ್ ಬ್ಯಾಂಕ್, ಬ್ಯಾಟರಿ ಕ್ಯಾಬಿನ್ ಬ್ಯಾಗಿಗೆ, ಚೆಕ್-ಇನ್‌ಗೆ ಹಾಕಿದ್ರೆ ಬ್ಯಾಗ್ ತೆಗೆಸ್ತಾರೆ. ಗ್ಯಾಸ್ ಕ್ಯಾನಿಸ್ಟರ್ ಎರಡರಲ್ಲೂ ಬಿಡಲ್ಲ, ಕಾಠ್ಮಂಡುವಲ್ಲಿ ಸಿಗುತ್ತೆ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಯಾವುದನ್ನೂ ಇಲ್ಲಿಂದ ತಗೊಂಡು ಹೋಗ್ಬೇಡಿ, ಭಾರತದಲ್ಲಿ ಅನುಮತಿ ಇಲ್ದೆ ಇಟ್ಕೊಳ್ಳೋದು ಅಪರಾಧ, ವಿದೇಶದಿಂದ ಬಂದ ಚಾರಣಿಗರನ್ನೇ ಏರ್‌ಪೋರ್ಟಲ್ಲಿ ಹಿಡಿದಿದಾರೆ.

ಊಟದ ಐಟಂ ವಿಷಯಕ್ಕೆ ಬಂದ್ರೆ ಚಟ್ನಿಪುಡಿ, ಹುರಿಹಿಟ್ಟು, ಕಡ್ಲೆ ಚಿಕ್ಕಿ ಧಾರಾಳವಾಗಿ ಇರ್ಲಿ, 4,500 ಮೀಟರ್ ಮೇಲೆ ಏನೂ ಸೇರದೇ ಇದ್ದಾಗ ಬಿಸಿ ಅನ್ನಕ್ಕೆ ಒಂದು ಚಮಚ ಚಟ್ನಿಪುಡಿ ಕಲಸಿದ್ರೆ ಎರಡು ತುತ್ತು ಜಾಸ್ತಿ ಇಳಿಯುತ್ತೆ. ಆದ್ರೆ ಅಮ್ಮ ಪ್ರೀತಿಯಿಂದ ಇಟ್ಟ ಕೊಬ್ಬರಿ ಗಿಟುಕು ಆಚೆ ತೆಗೀರಿ, ಒಣ ಕೊಬ್ಬರೀಲಿ ಎಣ್ಣೆ ಜಾಸ್ತಿ, ಬೇಗ ಹೊತ್ಕೊಳ್ಳುತ್ತೆ ಅಂತ ಚೆಕ್-ಇನ್ ಲಗೇಜಲ್ಲಿ ಬಿಡಲ್ಲ.

ನಿಮ್ಮ ಸ್ವಂತ ಟ್ರೆಕಿಂಗ್ ಶೂ ಕಾಲಲ್ಲೇ ಇರ್ಲಿ. ಔಷಧಿ, ಡೌನ್ ಜಾಕೆಟ್, ಕನ್ನಡಕ ಕ್ಯಾಬಿನ್ ಬ್ಯಾಗಲ್ಲಿ. ದೊಡ್ಡ ಬ್ಯಾಗ್ ಎರಡು ದಿನ ತಡವಾಗಿ ಬಂದ್ರೂ ನಡ್ಕೊಂಡು ಹೊರಡೋ ಹಾಗಿರಬೇಕು.

4. ಕಾಠ್ಮಂಡು ಮೊದಲ ದಿನ

ಗಡಿಯಾರ 15 ನಿಮಿಷ ಮುಂದೆ ಇಡಿ. ಸಿಮ್ ತಗೊಳ್ಳಿ. ನಮ್ಮ ಒಂದು ರೂಪಾಯಿಗೆ ಅವರದ್ದು 1.60, ಇದು ಬದಲಾಗಲ್ಲ, ಕಮ್ಮಿ ಕೊಡ್ತೀನಿ ಅನ್ನೋ ಕೌಂಟರ್ ಬಿಟ್ಟು ಮುಂದೆ ನಡೀರಿ. ಭಾರತದ ನೋಟು ನೂರರದ್ದೇ ಇರ್ಲಿ. ಯುಪಿಐ ಕಾಠ್ಮಂಡು ಅಂಗಡಿಗಳಲ್ಲಿ ಸುಮಾರು ಕಡೆ ನಡಿಯುತ್ತೆ, ಬೆಟ್ಟದ ಮೇಲೆ ಅದನ್ನ ನಂಬ್ಕೊಬೇಡಿ, ನಾಮ್ಚೆ (ಲುಕ್ಲಾದಿಂದ ಮೇಲೆ ಸಿಗೋ ದೊಡ್ಡ ಊರು) ದಾಟಿದ ಮೇಲೆ ಕ್ಯಾಶ್ ಅಂತಲೇ ಲೆಕ್ಕ ಹಾಕಿ. ನಲ್ಲಿ ನೀರು ಬಾಯಿಗೆ ಹಾಕ್ಬೇಡಿ, ಹಲ್ಲುಜ್ಜೋಕೂ ಬೇಡ. ಹಸಿ ಸಲಾಡ್, ರಸ್ತೆ ಬದಿ ಪಾನಿಪುರಿ ವಾಪಸ್ ಬಂದ ಮೇಲೆ ತಿನ್ನಿ. ಹೊಟ್ಟೆ ಕೆಟ್ಟು ಲುಕ್ಲಾಗೆ ಹೋದೋರು ನಾಮ್ಚೆ ಏರಲ್ಲೇ ಸೋತು ಹೋಗೋದನ್ನ ಪ್ರತಿ ಸಲ ನೋಡ್ತೀನಿ.

ಪಶುಪತಿನಾಥನ ದರ್ಶನ ಮಾಡೋರು ಇವತ್ತೇ ಸಂಜೆ ಮುಗಿಸ್ಕೊಳ್ಳಿ. ಅಲ್ಲಿ ಕರ್ನಾಟಕದಿಂದ ಹೋದ ಭಟ್ಟರು ಪೂಜೆ ಮಾಡ್ತಾರೆ, ಕನ್ನಡ ಕಿವಿಗೆ ಬಿದ್ರೆ ಮನಸ್ಸಿಗೆ ಎಷ್ಟೋ ಧೈರ್ಯ ಬರುತ್ತೆ. ನಾಳೆಯ ದಿನ ಮಾತ್ರ ಯಾರಿಗೂ ಯಾವುದಕ್ಕೂ ಬಿಟ್ಕೊಡ್ಬೇಡಿ.

5. ಗೇರ್ ದಿನ: ಒಂದು ಪೂರ್ತಿ ದಿನ

ಪರ್ಮಿಟ್ ಕೆಲಸಕ್ಕೆ ಒಬ್ಬರು ಏಜೆನ್ಸಿ ಜೊತೆ ಹೋಗ್ಲಿ. ಉಳಿದೋರೆಲ್ಲ ಬೆಳಿಗ್ಗೆ ಹೋಟೆಲ್ ಟೆರೇಸ್ ಮೇಲೆ ಬ್ಯಾಗ್ ಪೂರ್ತಿ ಸುರೀಬೇಕು. ಲೀಡರ್ ಒಂದೊಂದೇ ಹೆಸರು ಕೂಗ್ತಾರೆ, ಎಲ್ಲರೂ ಆ ಸಾಮಾನು ಕೈಯಲ್ಲಿ ಎತ್ತಿ ತೋರಿಸ್ಬೇಕು. 'ಇದೆ ಇದೆ' ಅನ್ನೋ ಬಾಯಿಮಾತು ಲೆಕ್ಕಕ್ಕಿಲ್ಲ. ಹೆಡ್‌ಲ್ಯಾಂಪ್ ಹೊತ್ತಿಸಿ ತೋರಿಸ್ಬೇಕು. ತಂಪು ಕನ್ನಡಕ ಕೆಟಗರಿ 4 (ಅತಿ ಗಾಢ ಗಾಜು) ಇರ್ಬೇಕು, ಪಕ್ಕದಿಂದ ಬೆಳಕು ನುಗ್ಗಬಾರದು. ಹಿಮದ ಮೇಲಿನ ಬಿಸಿಲಿಗೆ ಸಾದಾ ಗಾಗಲ್ಸ್ ಹಾಕ್ಕೊಂಡ್ರೆ ಸಂಜೆಗೆ ಕಣ್ಣಲ್ಲಿ ಮರಳು ಹಾಕಿದಂಗೆ ಉರಿಯುತ್ತೆ, ನೋಡೋಕೇ ಆಗಲ್ಲ.

ಈಗ ಬೂಟು. ಡಬಲ್ ಬೂಟ್ (ಒಳಗೊಂದು ಮೆತ್ತನೆಯದ್ದು, ಹೊರಗೊಂದು ಗಟ್ಟಿಯದ್ದು) ಕಾಠ್ಮಂಡುವಿನ ಥಮೇಲ್ ಪೇಟೇಲಿ ಬಾಡಿಗೆಗೆ ಸಿಗುತ್ತೆ, ಮೇಲೆ ಬೆಟ್ಟದ ಹತ್ರದ ಚುಖುಂಗ್ ಹಳ್ಳೀಲೂ ಸಿಗುತ್ತೆ. ಮೇಲೆ ತಗೊಂಡ್ರೆ ಹೊರೋದು ತಪ್ಪುತ್ತೆ ಅಂತ ಸುಮಾರು ಜನ ಹೇಳ್ತಾರೆ, ನಾನು ಒಪ್ಪಲ್ಲ, ಅಲ್ಲಿ ನಿಮ್ಮ ಸೈಜ್ ಇಲ್ಲಾಂದ್ರೆ ಹಿಂದಕ್ಕೂ ಹೋಗಂಗಿಲ್ಲ ಮುಂದಕ್ಕೂ ಹೋಗಂಗಿಲ್ಲ. ಕಾಠ್ಮಂಡುವಲ್ಲೇ ತಗೊಳ್ಳಿ, ಮಧ್ಯಾಹ್ನದ ಮೇಲೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ, ಎತ್ತರದಲ್ಲೂ ಹಂಗೇ ಊದುತ್ತೆ. ಬೆಟ್ಟದ ಮೇಲೆ ಹಾಕೋ ಸಾಕ್ಸೇ ಹಾಕ್ಕೊಂಡು ಹೋಗಿ, ಒಳಗೆ ತೆಳು, ಮೇಲೆ ದಪ್ಪ ಉಣ್ಣೆ. ಮೊದಲು ಒಳಗಿನ ಮೆತ್ತನೆ ಬೂಟನ್ನ ಆಚೆ ತೆಗೆದು ಅದನ್ನ ಮಾತ್ರ ಹಾಕ್ಕೊಂಡು ನಿಂತ್ಕೊಳ್ಳಿ, ಬೆರಳು ಅಲ್ಲಾಡಬೇಕು. ಆಮೇಲೆ ಹೊರಗಿನದ್ದು ಸೇರಿಸಿ ಲೇಸ್ ಬಿಗೀರಿ. ಮೆಟ್ಟಿಲಿನ ಅಡ್ಡಕ್ಕೆ ಬೂಟಿನ ಮೂತಿಯಿಂದ ಹತ್ತು ಸಲ ಒದೀರಿ. ಹೆಬ್ಬೆರಳು ಮುಂದೆ ತಾಗಿದ್ರೆ ಒಂದು ಸೈಜ್ ದೊಡ್ಡದು ಕೇಳಿ, ಇಳಿಯೋವಾಗ ಉಗುರು ಕಪ್ಪಾಗಿ ಕಿತ್ತು ಬರೋದು ಇದರಿಂದಲೇ. ಮೆಟ್ಟಿಲ ಅಂಚಲ್ಲಿ ಮುಂಗಾಲ ಮೇಲೆ ನಿಂತಾಗ ಹಿಮ್ಮಡಿ ಎದ್ದೇಳ್ತಿದ್ರೆ ಅದು ಬೇಡ. ಕೊನೆಗೆ ಹದಿನೈದು ನಿಮಿಷ ಮೆಟ್ಟಿಲು ಹತ್ತಿ ಇಳೀರಿ. ಅಂಗಡಿಯೋರು ಅವಸರ ಮಾಡಿದ್ರೆ ಬೇರೆ ಅಂಗಡಿ.

ಬಾಡಿಗೆಯ ಹಳೇ ಪ್ಲಾಸ್ಟಿಕ್ ಬೂಟಾದ್ರೆ ಇನ್ನೊಂದು ಕೆಲಸ ಇದೆ. ವಯಸ್ಸಾದ ಪ್ಲಾಸ್ಟಿಕ್ ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೆ ಪೆಡಸಾಗಿರುತ್ತೆ, ಚಳೀಲಿ ಏಕಾಏಕಿ ಸೀಳುತ್ತೆ. ಕಣಕಾಲ ಹತ್ರ ಮಡಚೋ ಜಾಗ, ಮೊಳೆ ಹೊಡೆದ ಜಾಗ, ಸೋಲ್ ಅಂಟಿಸಿರೋ ಗೆರೆ, ಈ ಮೂರು ಕಡೆ ಫೋನಿನ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆ ಬಿರುಕು ಕಂಡ್ರೂ ಬೇಡ.

ಇನ್ನು ಕ್ರ್ಯಾಂಪಾನ್. ಇದನ್ನ ಬೂಟಿಂದ ಬೇರೆಯಾಗಿ ಆರಿಸೋದೇ ತಪ್ಪು. ಮುಂದೆ ತಂತಿ, ಹಿಂದೆ ಲಿವರ್ ಇರೋ ಥರದ್ದಕ್ಕೆ ಬೂಟಿನ ಮೂತಿ ಮತ್ತು ಹಿಮ್ಮಡಿ ಎರಡೂ ಕಡೆ ಗಟ್ಟಿ ಅಂಚು ಬೇಕು. ಆ ಅಂಚಿನ ಮೇಲೆ ಬೆರಳಾಡಿಸಿ, ಉಗುರು ಸಿಕ್ಕಿಕೊಳ್ಳೋಷ್ಟು ಚೂಪಾಗಿರ್ಬೇಕು. ಉದ್ದ ಅಡ್ಜಸ್ಟ್ ಮಾಡಿ ಲಿವರ್ ಹಾಕಿದಾಗ 'ಟಕ್' ಅಂತ ಬಿಗಿಯಾಗಿ ಕೂರ್ಬೇಕು, ಬೆರಳಿಂದ ಸಲೀಸಾಗಿ ಹಾಕೋಕೆ ಬಂದ್ರೆ ಸಡಿಲ ಅಂತ ಅರ್ಥ. ಈಗ ಬೆಲ್ಟ್ ಕಟ್ಟದೇ ಬೂಟನ್ನ ಕೈಯಲ್ಲಿ ಹಿಡಿದು ಜೋರಾಗಿ ಕೊಡವಿ. ಕ್ರ್ಯಾಂಪಾನ್ ಅಲ್ಲಾಡಬಾರದು. ಅಲ್ಲಾಡಿದ್ರೆ ಬೆಲ್ಟ್ ಕಟ್ಟಿ ಸರಿ ಮಾಡ್ಬಹುದು ಅಂತ ಅಂಗಡಿಯವನು ಹೇಳ್ತಾನೆ. ಆ ಮಾತು ನಂಬ್ಕೊಬೇಡಿ. ಅಂಚು ಸವೆದಿದ್ರೆ ಪೂರ್ತಿ ಬೆಲ್ಟಿನ ಕ್ರ್ಯಾಂಪಾನ್ ತಗೊಳ್ಳಿ, ಅಥವಾ ಬೂಟೇ ಬದಲಾಯಿಸಿ. ಮುಂದಿನ ಎರಡು ಹಲ್ಲು ಬೂಟಿನ ಮೂತಿಯಿಂದ ಸುಮಾರು ಎರಡು ಸೆಂಟಿಮೀಟರ್ ಆಚೆ ಇರ್ಲಿ. ಬಕಲ್ ಕಾಲಿನ ಹೊರಗಡೆ ಬರ್ಬೇಕು, ಒಳಗಡೆ ಬಂದ್ರೆ ಇನ್ನೊಂದು ಕಾಲಿಗೆ ಸಿಕ್ಕಿ ಬೀಳ್ತೀರ. ಎಡ ಬಲ ಗುರುತು ಮಾಡಿ, ಬೂಟಿಗೂ ಕ್ರ್ಯಾಂಪಾನಿಗೂ ನಿಮ್ಮ ಹೆಸರಿನ ಟೇಪ್ ಅಂಟಿಸಿ. ಹತ್ತು ಜನರ ಕ್ರ್ಯಾಂಪಾನ್ ಒಂದೇ ಚೀಲದಲ್ಲಿ ಹೋದ್ರೆ ಮೇಲೆ ಅದಲು ಬದಲಾಗುತ್ತೆ, ಈ ಅಡ್ಜಸ್ಟ್ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಸಂಜೆ ಮತ್ತೆ ಟೆರೇಸ್. ಮೇಲೆ ಹಾಕೋ ಎಲ್ಲ ಬಟ್ಟೆ ಹಾಕ್ಕೊಂಡು ಅದರ ಮೇಲೆ ಹಾರ್ನೆಸ್ (ಹಗ್ಗಕ್ಕೆ ಸಿಗಿಸ್ಕೊಳ್ಳೋಕೆ ಸೊಂಟ, ತೊಡೆಗೆ ಹಾಕೋ ಪಟ್ಟಿ) ಕಟ್ಟಿ. ರಾಮನಗರದ ಬಂಡೇಲಿ ಟೀ ಶರ್ಟ್ ಮೇಲೆ ಸರಿಯಾಗಿದ್ದ ಹಾರ್ನೆಸ್ ದಪ್ಪ ಪ್ಯಾಂಟಿನ ಮೇಲೆ ತೊಡೆಗೇ ಏರಲ್ಲ. ಗಟ್ಟಿ ಕಂಬಕ್ಕೆ ಹಗ್ಗ ಕಟ್ಟಿ, ದಪ್ಪ ಗ್ಲೌಸ್ ಹಾಕ್ಕೊಂಡೇ ಜೂಮರ್ (ಹಗ್ಗದಲ್ಲಿ ಮೇಲಕ್ಕೆ ಮಾತ್ರ ಜಾರೋ ಹಿಡಿ) ಹಗ್ಗಕ್ಕೆ ಹಾಕೋದು, ತೆಗೆಯೋದು, ಗಂಟು ಬಂದಲ್ಲಿ ಸೇಫ್ಟಿ ಕ್ಯಾರಾಬಿನರ್ (ಲೋಹದ ಕೊಂಡಿ) ಮೊದಲು ಮುಂದಕ್ಕೆ ಹಾಕಿ ಆಮೇಲೆ ಜೂಮರ್ ದಾಟಿಸೋದು, ಇದನ್ನ ಒಬ್ಬೊಬ್ಬರೂ ಇಪ್ಪತ್ತು ಸಲ ಮಾಡಿ. ಶಿಖರದ ಕೆಳಗಿನ ಹಿಮದ ಗೋಡೇಲಿ ಮಾಡೋದು ಇದೇ ಕೆಲಸ, ಆಗ ಉಸಿರೂ ಇರಲ್ಲ, ಹಿಂದೆ ಜನ ಕಾಯ್ತಿರ್ತಾರೆ.

ಥಮೇಲಿನ ನಕಲಿ ಬ್ರಾಂಡ್ ಬಗ್ಗೆ ಒಂದು ಮಾತು. ಡಫಲ್ ಬ್ಯಾಗ್, ಟೋಪಿ, ಕತ್ತಿಗೆ ಹಾಕೋ ಬಫ್ ಧಾರಾಳವಾಗಿ ತಗೊಳ್ಳಿ, ವರ್ಷಗಟ್ಟಲೆ ಬರುತ್ತೆ. ಡೌನ್ ಅಂತ ಮಾರೋ ಅಗ್ಗದ ಜಾಕೆಟಲ್ಲಿ ಒಳಗಿರೋದು ಏನೋ ಗೊತ್ತಾಗಲ್ಲ, ಒಳ್ಳೇದನ್ನ ಬಾಡಿಗೆಗೆ ತಗೊಳ್ಳೋದು ವಾಸಿ. ಹಾರ್ನೆಸ್, ಕ್ಯಾರಾಬಿನರ್, ಹಗ್ಗ ಮಾತ್ರ ಅಧಿಕೃತ ಶೋರೂಮಲ್ಲೇ ಕೊಳ್ಳಿ, ಇಲ್ಲಾ ಮನೆಯಿಂದಲೇ ತನ್ನಿ. ಪ್ರಾಣ ನೇತಾಡೋ ಸಾಮಾನಲ್ಲಿ ಚೌಕಾಸಿ ಬೇಡ.

6. ರಾತ್ರಿ ಊಟದ ಮೇಲೆ ಮಾತಾಡ್ಕೊಳ್ಳಿ

ಯಾರಿಗೆ ಸಲ್ಫಾ ಅಲರ್ಜಿ, ಯಾರಿಗೆ ಬಿಪಿ, ಯಾರು ಏನು ಮಾತ್ರೆ ತಗೋತಾರೆ ಅನ್ನೋದು ಎಲ್ಲರಿಗೂ ಗೊತ್ತಿರ್ಬೇಕು. ಡೈಮಾಕ್ಸ್ (ಎತ್ತರದ ಕಾಯಿಲೆ ತಡೆಯೋ ಮಾತ್ರೆ) ತಗೊಳ್ಳೋದಾದ್ರೆ ಊರಲ್ಲೇ ಡಾಕ್ಟರ್ ಕೇಳಿ ಒಂದು ಸಲ ತಗೊಂಡು ನೋಡಿರ್ಬೇಕು, ಬೆರಳು ಜುಮ್ ಅನ್ನೋದು ಅದರ ಮಾಮೂಲಿ ಗುಣ, ಮೇಲೆ ಮೊದಲ ಸಲ ಆದ್ರೆ ಗಾಬರಿಯಾಗ್ತೀರ. ಒಬ್ಬರು ವಾಪಸ್ ಇಳೀಬೇಕಾದ್ರೆ ಜೊತೆಗೆ ಯಾರು ಇಳೀತಾರೆ ಅಂತ ಈಗಲೇ ಹೆಸರು ಹೇಳಿ. ಶಿಖರದ ದಿನ ಎಷ್ಟು ಗಂಟೆಗೆ ಎಲ್ಲಿದ್ರೂ ತಿರುಗ್ಬೇಕು ಅಂತ ಈಗಲೇ ಬರೆದಿಡಿ. 6,000 ಮೀಟರಲ್ಲಿ ಇದನ್ನ ಶುರು ಮಾಡಿದ್ರೆ ಜಗಳವೇ ಆಗೋದು, ನಾನು ಎರಡು ಟೀಮ್ ಮುರಿದಿದ್ದು ನೋಡಿದೀನಿ.

7. ಮಂಥಲಿ, ಲುಕ್ಲಾ

ಸೀಸನ್‌ನಲ್ಲಿ ಲುಕ್ಲಾ ವಿಮಾನ ಹೆಚ್ಚಾಗಿ ಕಾಠ್ಮಂಡುವಿಂದ ಹೊರಡಲ್ಲ, ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತೆ. ಅಂದ್ರೆ ನಡುರಾತ್ರಿ ಒಂದು ಎರಡು ಗಂಟೆಗೆ ಜೀಪ್ ಹತ್ತಿ ನಾಲ್ಕೈದು ಗಂಟೆ ತಿರುವು ರಸ್ತೆ. ವಾಂತಿ ಆಗೋರು ಮುಂದೆ ಕೂರ್ಲಿ, ಹೊಟ್ಟೆಗೆ ಎರಡು ಬಿಸ್ಕೆಟ್ ಸಾಕು. ಹಿಂದಿನ ದಿನ ಸಂಜೆಯೇ ಮಂಥಲಿಗೆ ಹೋಗಿ ಮಲಗೋದು ಇನ್ನೂ ಒಳ್ಳೇದು, ನಾನು ಈಗ ಹಾಗೇ ಮಾಡ್ತೀನಿ.

ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಟ್ಟು 15 ಕೆಜಿ, ಲಗೇಜಿಗೆ ಹತ್ತು ಕೆಜಿ, ಕೈಚೀಲಕ್ಕೆ ಐದು ಕೆಜಿ. ಭಾರದ ಡಬಲ್ ಬೂಟು, ಕಬ್ಬಿಣದ ಸಾಮಾನು ಸೇರಿ ಮೀರೇ ಮೀರುತ್ತೆ, ಹೆಚ್ಚಿನ ಕೆಜಿಗೆ ದುಡ್ಡು ತೆಗೆದಿಟ್ಟಿರಿ. ಮೋಡ ಕವಿದ್ರೆ ಇಡೀ ದಿನ ವಿಮಾನ ಇಲ್ಲ, ಗಾಳಿ ಏಳುತ್ತೆ ಅಂತ ಮಧ್ಯಾಹ್ನದ ಮೇಲೆ ಹಾರಿಸೋದೂ ಕಷ್ಟ. ಅಲ್ಲಿನ ರನ್‌ವೇ 527 ಮೀಟರ್ ಅಷ್ಟೇ, ಅದೂ ಏರು, ಒಂದು ತುದೀಲಿ ಗುಡ್ಡದ ಗೋಡೆ, ಇನ್ನೊಂದು ತುದೀಲಿ ಕಣಿವೆ. ಪೈಲಟ್ ಬೇಡ ಅಂದ್ರೆ ಬೇಡ. ಹೋಗೋವಾಗ ಬರೋವಾಗ ಸೇರಿ ಕಮ್ಮಿ ಅಂದ್ರೂ ಮೂರು ದಿನ ಎಕ್ಸ್ಟ್ರಾ ಇಟ್ಕೊಳ್ಳಿ, ಆಫೀಸಿಗೆ ರಜೆ ಕೇಳೋವಾಗಲೇ ಸೇರಿಸಿ ಕೇಳಿ. ಒಂದು ದಿನವೂ ಇಟ್ಕೊಳ್ಳದೆ ಬಂದೋರು ವಿಮಾನ ತಪ್ಪಿದ ದಿನವನ್ನ ತುಂಬಿಸೋಕೆ ಅಂತ ಮೈ ಎತ್ತರಕ್ಕೆ ಹೊಂದ್ಕೊಳ್ಳೋಕೆ ಅಂತ ಇಟ್ಟ ವಿಶ್ರಾಂತಿ ದಿನವನ್ನ ಕತ್ತರಿಸ್ತಾರೆ, ತಲೆನೋವು ವಾಂತಿ ಶುರುವಾಗೋದು ಅಲ್ಲಿಂದ.

ಲುಕ್ಲಾ ಸುಮಾರು 2,860 ಮೀಟರ್. ಇಳಿದ ತಕ್ಷಣ ಚಳಿಗೆ ಜಾಕೆಟ್, ಬಿಸಿ ಚಹಾ, ದಾಲ್ ಭಾತ್. ಎಲ್ಲರ ಬ್ಯಾಗೂ ಬಂದಿದ್ಯಾ, ಬೂಟು ಕ್ರ್ಯಾಂಪಾನ್ ಚೀಲ ಬಂದಿದ್ಯಾ ಅಂತ ಎಣಿಸಿ, ಅದು ಮುಂದಿನ ವಿಮಾನದಲ್ಲಿ ಬರುತ್ತೆ ಅಂದ್ರೆ ಬರೋವರೆಗೂ ಒಬ್ಬರು ಅಲ್ಲೇ ಕೂತ್ಕೊಳ್ಳಿ. ಕಾಲು ಎಷ್ಟೇ ತುರಿಸ್ತಿದ್ರೂ ಮೊದಲ ದಿನ 2,610 ಮೀಟರಿನ ಫಾಕ್‌ಡಿಂಗಲ್ಲೇ ನಿಲ್ಲಿ. ಇಳಿಜಾರಿನ ದಾರಿ, ಮೂರು ನಾಲ್ಕು ಗಂಟೆ.