ಟೈಮ್‌ಶೇರ್ ಕೊಳ್ಳುವ ಮುನ್ನ: ಲೆಕ್ಕ, ಕರಾರು ಮತ್ತು ಹೊರಬರುವ ದಾರಿ

ಟೈಮ್‌ಶೇರ್ ಎಂದರೆ ರೆಸಾರ್ಟಿನ ಒಂದು ಮನೆಯನ್ನು ಪ್ರತಿ ವರ್ಷ ಗೊತ್ತಾದಷ್ಟು ದಿನ, ಸಾಮಾನ್ಯವಾಗಿ ಒಂದು ವಾರ, ಬಳಸುವ ಹಕ್ಕನ್ನು ಮುಂಚಿತವಾಗಿ ಹಣ ಕೊಟ್ಟು ಪಡೆಯುವ ಏರ್ಪಾಡು. 1960ರ ದಶಕದಲ್ಲಿ ಯುರೋಪಿನಲ್ಲಿ ಮೊದಲಾದ ಈ ಪದ್ಧತಿ ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಇಂದು ಪ್ರವಾಸಿಗರು ಹೆಚ್ಚಾಗಿ ಹೋಗುವ ದೇಶಗಳಲ್ಲೆಲ್ಲ ಇದನ್ನು ಮಾರುವವರಿದ್ದಾರೆ. ಇದನ್ನು ಕೊಂಡು ವರ್ಷ ವರ್ಷವೂ ನೆಮ್ಮದಿಯಿಂದ ರಜೆ ಕಳೆಯುವ ಕುಟುಂಬಗಳಿವೆ, ಬಿಡಿಸಿಕೊಳ್ಳಲಾಗದೆ ಬಳಸದ ಕೋಣೆಗೆ ಹಣ ಕಟ್ಟುತ್ತಲೇ ಇರುವವರೂ ಇದ್ದಾರೆ. ಆದ್ದರಿಂದ ಬೆಲೆ ಎಷ್ಟು ಎಂದು ಕೇಳುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ನಾನು ನಂಬಿದ್ದೇನೆ: ಬೇಡವೆನಿಸಿದ ದಿನ ಇದರಿಂದ ಹೊರಬರುವುದು ಹೇಗೆ?

ಆ ಪ್ರಶ್ನೆಗೆ ಉತ್ತರ ಹುಡುಕಲು, ಮಾರುವವರು ನಿಮ್ಮ ಕೈಗೆ ಕೊಡುತ್ತಿರುವುದು ಏನೆಂಬುದು ಮೊದಲು ಸ್ಪಷ್ಟವಾಗಬೇಕು. ಕೆಲವು ಟೈಮ್‌ಶೇರ್‌ಗಳಲ್ಲಿ ಆಸ್ತಿಯ ಒಂದು ಪಾಲು ಕ್ರಯಪತ್ರದ ಮೂಲಕ ನಿಮ್ಮ ಹೆಸರಿಗೆ ನೋಂದಣಿಯಾಗುತ್ತದೆ. ಅದನ್ನು ಮಾರಬಹುದು, ದಾನ ಕೊಡಬಹುದು, ಉಯಿಲಿನಲ್ಲಿ ಬರೆಯಬಹುದು, ಆದರೆ ಅದರ ಜೊತೆಗಿರುವ, ರೆಸಾರ್ಟಿನ ನಿರ್ವಹಣೆಗೆಂದು ಪ್ರತಿ ವರ್ಷ ಕಟ್ಟಬೇಕಾದ ಶುಲ್ಕದ ಹೊಣೆಗೂ ಕೊನೆಯ ದಿನಾಂಕವಿರುವುದಿಲ್ಲ. ಇನ್ನು ಕೆಲವುಗಳಲ್ಲಿ ಆಸ್ತಿ ಕಂಪನಿಯದಾಗಿಯೇ ಉಳಿದು, ನಿಮಗೆ ನಿಗದಿತ ವರ್ಷಗಳವರೆಗೆ ಬಳಕೆಯ ಹಕ್ಕು ಮಾತ್ರ ಸಿಗುತ್ತದೆ. ಅವಧಿ ಮುಗಿದಾಗ ಹಕ್ಕೂ ಹೊಣೆಯೂ ಒಟ್ಟಿಗೆ ಮುಗಿಯುತ್ತವೆ. ಉದಾಹರಣೆಗೆ, ಡಿಸ್ನಿ ಕಂಪನಿಯ ಟೈಮ್‌ಶೇರ್ ಯೋಜನೆಯಾದ ಡಿಸ್ನಿ ವೆಕೇಶನ್ ಕ್ಲಬ್ಬಿನ ಹಳೆಯ ರೆಸಾರ್ಟ್‌ಗಳಲ್ಲಿ ಹಲವು ಕರಾರುಗಳು 2042ರ ಜನವರಿ 31ಕ್ಕೆ ಕೊನೆಗೊಳ್ಳುತ್ತವೆ. ಸ್ವಂತ ಆಸ್ತಿ ಎಂಬ ಮಾತು ಕೇಳಲು ಹಿತವಾಗಿದ್ದರೂ, ಬಹಳ ಜನರಿಗೆ ಈ ಎರಡನೆಯ ಬಗೆಯೇ ಕ್ಷೇಮಕರವೆಂದು ನನ್ನ ಅಭಿಪ್ರಾಯ, ಏಕೆಂದರೆ ಅದಕ್ಕೊಂದು ಅಂತ್ಯವಿದೆ.

ಬಳಸುವ ಕಾಲವನ್ನು ಗೊತ್ತುಪಡಿಸುವ ರೀತಿಯೂ ಮೂರು ಬಗೆಯದು. ನಿಗದಿತ ವಾರದಲ್ಲಿ ವರ್ಷದ 52 ವಾರಗಳ ಪೈಕಿ ಒಂದು ನಿಮ್ಮದಾಗುತ್ತದೆ. ಪ್ರತಿ ವರ್ಷ ಅದೇ ಹೊತ್ತಿಗೆ ಬಿಡುವಾಗುವವರಿಗೆ ಇದು ಸರಳ, ಕಾಯ್ದಿರಿಸುವ ತಾಪತ್ರಯವೂ ಇಲ್ಲ. ತೇಲುವ ವಾರದಲ್ಲಿ ಒಂದು ಋತುವಿನೊಳಗೆ ಯಾವ ವಾರವನ್ನಾದರೂ ಕೇಳಬಹುದು, ಆದರೆ ಬೇಡಿಕೆಯಿರುವ ವಾರಗಳು ಮೊದಲು ಕೇಳಿದವರ ಪಾಲಾಗುತ್ತವೆ. ಇತ್ತೀಚೆಗೆ ಹೆಚ್ಚು ಮಾರಾಟವಾಗುವುದು ಪಾಯಿಂಟ್ ಪದ್ಧತಿ: ವರ್ಷಕ್ಕೆ ಇಷ್ಟು ಪಾಯಿಂಟ್ ನಿಮ್ಮ ಖಾತೆಗೆ ಬರುತ್ತದೆ, ಋತು, ಕೋಣೆಯ ಗಾತ್ರ ಮತ್ತು ರಾತ್ರಿಗಳಿಗೆ ತಕ್ಕಂತೆ ಅದನ್ನು ಖರ್ಚು ಮಾಡುತ್ತೀರಿ. ಇಲ್ಲಿ ಗಮನಿಸಬೇಕಾದದ್ದು, ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂಬುದು. ಆ ಅಧಿಕಾರಕ್ಕೆ ಕರಾರಿನಲ್ಲಿ ಮಿತಿಯಿಲ್ಲದಿದ್ದರೆ, ಇಂದು ಒಂದು ವಾರಕ್ಕೆ ಸಾಲುವ ಪಾಯಿಂಟ್ ಹತ್ತು ವರ್ಷಗಳ ನಂತರ ನಾಲ್ಕೇ ರಾತ್ರಿಗೆ ಮುಗಿದುಹೋಗಬಹುದು.

ಲೆಕ್ಕ ಹಾಕುವ ಬಗೆ

ಮಾರಾಟಗಾರರು ತೋರಿಸುವ ಲೆಕ್ಕದಲ್ಲಿ ಸಾಮಾನ್ಯವಾಗಿ ಖರೀದಿಯ ಬೆಲೆಯನ್ನು ವರ್ಷಗಳಿಂದ ಭಾಗಿಸಿ, ಒಂದು ರಾತ್ರಿಗೆ ಇಷ್ಟೇ ಬೀಳುತ್ತದೆ, ಹೋಟೆಲಿಗಿಂತ ಎಷ್ಟೋ ಅಗ್ಗ ಎಂದು ಹೇಳಲಾಗುತ್ತದೆ. ಈ ಲೆಕ್ಕವನ್ನು ಮನೆಯಲ್ಲಿ ಕುಳಿತು ಮತ್ತೊಮ್ಮೆ ಮಾಡಿ ನೋಡಿ. ಖರೀದಿಯ ಬೆಲೆ 1,000, ಮೊದಲ ವರ್ಷದ ನಿರ್ವಹಣಾ ಶುಲ್ಕ 50 ಎಂದು ಇಟ್ಟುಕೊಳ್ಳೋಣ. ಯಾವ ದೇಶದ ಹಣವಾದರೂ ಪ್ರಮಾಣ ಅದೇ. ಬೆಲೆಯೊಂದನ್ನೇ 20 ವರ್ಷಗಳಿಗೂ ವರ್ಷದ 7 ರಾತ್ರಿಗಳಿಗೂ ಹಂಚಿದರೆ ಒಂದು ರಾತ್ರಿಗೆ ಸುಮಾರು 7 ಬೀಳುತ್ತದೆ. ಆದರೆ ನಿರ್ವಹಣಾ ಶುಲ್ಕ ವರ್ಷಕ್ಕೆ ಶೇಕಡಾ 5ರಂತೆ ಏರುತ್ತಾ ಹೋದರೆ ಇಪ್ಪತ್ತನೆಯ ವರ್ಷದಲ್ಲಿ ಅದು ಸುಮಾರು 126 ಆಗಿರುತ್ತದೆ, 20 ವರ್ಷಗಳಲ್ಲಿ ಕಟ್ಟಿದ ಶುಲ್ಕದ ಮೊತ್ತವೇ 1,650 ದಾಟುತ್ತದೆ. ಬೆಲೆಯನ್ನೂ ಸೇರಿಸಿದರೆ ಒಟ್ಟು ಸುಮಾರು 2,650, ಅಂದರೆ ಒಂದು ರಾತ್ರಿಗೆ 19. ಕಾಯಿಲೆ, ಮಕ್ಕಳ ಪರೀಕ್ಷೆ, ಕೆಲಸದ ಒತ್ತಡ ಎಂದು ಈ 20 ವರ್ಷಗಳಲ್ಲಿ ಆರು ವರ್ಷ ಹೋಗಲಾಗದಿದ್ದರೆ ಅದು 27ಕ್ಕೆ ಏರುತ್ತದೆ. ಕೊಂಡವರು ಬಳಸಲಿ ಬಿಡಲಿ, ಶುಲ್ಕ ತಪ್ಪುವುದಿಲ್ಲ.

ಈ ಮೊತ್ತಕ್ಕೆ ಇನ್ನೂ ಕೆಲವನ್ನು ಕೂಡಿಸಬೇಕಾಗುತ್ತದೆ. ಚಂಡಮಾರುತದಿಂದ ಛಾವಣಿ ಹಾರಿದರೆ, ಹಳೆಯ ಕಟ್ಟಡವನ್ನು ನವೀಕರಿಸಬೇಕಾದರೆ, ಮೀಸಲು ನಿಧಿ ಸಾಲದಿದ್ದಾಗ ಮಾಲೀಕರ ಮೇಲೆ ವಿಶೇಷ ವಂತಿಗೆ ಹಾಕುವ ಅಧಿಕಾರ ಸಾಮಾನ್ಯವಾಗಿ ಕರಾರಿನಲ್ಲಿರುತ್ತದೆ. ಬೇರೆ ಊರಿನ ರೆಸಾರ್ಟಿಗೆ ವಿನಿಮಯ ಮಾಡಿಕೊಳ್ಳಲು 1974ರಲ್ಲಿ ಆರಂಭವಾದ ಆರ್‌ಸಿಐ ಅಥವಾ ಇಂಟರ್‌ವಲ್ ಇಂಟರ್‌ನ್ಯಾಷನಲ್‌ನಂತಹ ಸಂಸ್ಥೆಗಳ ಸದಸ್ಯತ್ವ ಬೇಕು, ಜೊತೆಗೆ ಪ್ರತಿ ವಿನಿಮಯಕ್ಕೂ ಬೇರೆ ಶುಲ್ಕವಿದೆ. ಮಾರುವ ಕಂಪನಿಯೇ ಕೊಡುವ ಸಾಲದ ಬಡ್ಡಿ ಸಾಮಾನ್ಯ ಗೃಹಸಾಲದ ಬಡ್ಡಿಗಿಂತ ಬಹಳ ಹೆಚ್ಚಿರುತ್ತದೆ. ಸಾಲ ಮಾಡಿಯೇ ಕೊಳ್ಳಬೇಕು ಎಂಬ ಸ್ಥಿತಿಯಿದ್ದರೆ ಕೊಳ್ಳದಿರುವುದೇ ಒಳಿತು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಹೀಗೆ ಬಂದ ಪೂರ್ತಿ ಮೊತ್ತವನ್ನು ಅದೇ ರೆಸಾರ್ಟಿನಲ್ಲಿ, ಅದೇ ವಾರಕ್ಕೆ, ಕೊಳ್ಳದೆಯೇ ಬಾಡಿಗೆಗೆ ಉಳಿದರೆ ಆಗುವ ಖರ್ಚಿನೊಂದಿಗೆ ಹೋಲಿಸಬೇಕು. ಟೈಮ್‌ಶೇರ್ ಮಾಲೀಕರಲ್ಲಿ ಹಲವರು ತಾವು ಬಳಸದ ವಾರವನ್ನು ನಿರ್ವಹಣಾ ಶುಲ್ಕ ಹುಟ್ಟಿದರೆ ಸಾಕೆಂದು ಬಾಡಿಗೆಗೆ ಕೊಡುತ್ತಾರೆ. ಅಂತಹ ಬಾಡಿಗೆ ನಿಮ್ಮ ಲೆಕ್ಕಕ್ಕಿಂತ ಕಡಿಮೆಯಿದ್ದರೆ ನಿರ್ಧಾರ ಅಲ್ಲಿಗೇ ಮುಗಿಯಿತು. ಕೊಳ್ಳುವ ಮನಸ್ಸು ಬಲವಾಗಿದ್ದರೂ ಒಂದೆರಡು ಬಾರಿ ಹೀಗೆ ಬಾಡಿಗೆಗೆ ಉಳಿದು, ಆ ಜಾಗಕ್ಕೆ ಮತ್ತೆ ಮತ್ತೆ ಬರಲು ಮನೆಯವರೆಲ್ಲರಿಗೂ ಇಷ್ಟವೇ ಎಂದು ನೋಡುವುದು ಒಳ್ಳೆಯದು. ವರ್ಷಕ್ಕೊಂದು ಹೊಸ ಊರು ನೋಡಬೇಕೆನ್ನುವವರಿಗೆ, ರಜೆ ಯಾವಾಗ ಸಿಗುತ್ತದೆಂದು ಹಿಂದಿನ ವಾರದವರೆಗೂ ತಿಳಿಯದವರಿಗೆ ಇದು ಹೇಳಿಸಿದ್ದಲ್ಲ.

ಮಾರಾಟದ ಕೋಣೆಯಲ್ಲಿ

ಉಚಿತ ಊಟ, ಪ್ರವಾಸದ ಟಿಕೆಟ್, ಎರಡು ರಾತ್ರಿಯ ವಾಸ್ತವ್ಯ ಇವುಗಳ ಆಮಂತ್ರಣದ ಹಿಂದೆ ಒಂದು ಮಾರಾಟ ಸಭೆಯಿರುತ್ತದೆ. ಒಂದೂವರೆ ಗಂಟೆ ಎಂದು ಹೇಳಿದ್ದು ಮಧ್ಯಾಹ್ನವಿಡೀ ನಡೆಯುವುದುಂಟು. ಮೊದಲನೆಯವರಿಗೆ ಬೇಡ ಎಂದರೆ ಎರಡನೆಯವರು ಬಂದು ಕೂರುತ್ತಾರೆ, ಬೆಲೆ ಇಳಿಯುತ್ತದೆ. ಅವರಿಗೂ ಬೇಡ ಎಂದರೆ ಮ್ಯಾನೇಜರ್ ಬಂದು, ವರ್ಷ ಬಿಟ್ಟು ವರ್ಷದ ಸಣ್ಣ ಪಾಲನ್ನು ಇನ್ನೂ ಕಡಿಮೆಗೆ ಮುಂದಿಡುತ್ತಾರೆ. ಈ ಬೆಲೆ ಇಂದಿಗೆ ಮಾತ್ರ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಸಭೆಗೆ ಹೋಗಲೇಬೇಕಾಗಿ ಬಂದರೆ, ಅಂದು ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು. ಕರಾರಿನ ಪ್ರತಿ, ಕಳೆದ ಐದು ವರ್ಷಗಳ ನಿರ್ವಹಣಾ ಶುಲ್ಕದ ಪಟ್ಟಿ, ಮೀಸಲು ನಿಧಿಯ ವಿವರ ಇವನ್ನು ಮನೆಗೆ ಒಯ್ಯಲು ಕೇಳಿ. ಕೊಡಲಾಗದು ಎಂಬ ಉತ್ತರ ಬಂದರೆ, ಆ ವ್ಯವಹಾರದ ಬಗ್ಗೆ ನಿಮಗೆ ಬೇರೇನೂ ತಿಳಿಯಬೇಕಾಗಿಲ್ಲ.

ಬಾಯಿಮಾತಿನ ಭರವಸೆಗಳಲ್ಲಿ ಮೂರನ್ನು ನಂಬಲೇಬಾರದು: ಇದು ಹೂಡಿಕೆ, ಇದರ ಬೆಲೆ ಏರುತ್ತದೆ ಎಂಬುದು, ಬೇಡವಾದರೆ ಕಂಪನಿಯೇ ಮರಳಿ ಕೊಳ್ಳುತ್ತದೆ ಎಂಬುದು, ಬಾಡಿಗೆಗೆ ಕೊಟ್ಟರೆ ಶುಲ್ಕವೆಲ್ಲ ಅದರಲ್ಲೇ ಹೊರಟುಹೋಗುತ್ತದೆ ಎಂಬುದು. ಬರಹದಲ್ಲಿ ಇಲ್ಲದ ಮಾತುಗಳಿಗೆ ಬೆಲೆಯಿಲ್ಲವೆಂದು ಕರಾರಿನಲ್ಲೇ ಒಂದು ಷರತ್ತು ಸಾಮಾನ್ಯವಾಗಿ ಇರುತ್ತದೆ. ಹೇಳಿದ ಮಾತನ್ನು ಕಂಪನಿಯ ಹೆಸರಿನಲ್ಲಿ ಬರೆದು ಸಹಿ ಮಾಡಿಕೊಡಿ ಎಂದು ಕೇಳಿದರೆ, ಹೇಳಿದವರಿಗೇ ಅದರಲ್ಲಿ ಎಷ್ಟು ನಂಬಿಕೆಯಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಕೊಳ್ಳುವುದಾದರೆ

ಎಲ್ಲ ಲೆಕ್ಕದ ನಂತರವೂ ಬೇಕೆನಿಸಿದರೆ, ಕಂಪನಿಯಿಂದ ಹೊಸದಾಗಿ ಕೊಳ್ಳುವ ಮೊದಲು ಮರುಮಾರಾಟದ ಬೆಲೆ ವಿಚಾರಿಸಿ. ಹೊಸ ಟೈಮ್‌ಶೇರ್ ಬೆಲೆಯ ದೊಡ್ಡ ಪಾಲು ಜಾಹೀರಾತು, ಉಡುಗೊರೆ ಮತ್ತು ಮಾರಾಟದ ಕಮಿಷನ್‌ಗೆ ಹೋಗುವುದರಿಂದ, ಅದೇ ವಾರ ಹಳೆಯ ಮಾಲೀಕರಿಂದ ಅರ್ಧಕ್ಕಿಂತ ಬಹಳ ಕಡಿಮೆಗೆ, ಕೆಲವೊಮ್ಮೆ ನಾಮಮಾತ್ರದ ಬೆಲೆಗೆ ಸಿಗುತ್ತದೆ. ಇಷ್ಟು ಅಗ್ಗಕ್ಕೆ ಮಾರುವವರು ಏಕೆ ಮಾರುತ್ತಿದ್ದಾರೆ ಎಂದು ಯೋಚಿಸಿದರೆ, ನಿರ್ವಹಣಾ ಶುಲ್ಕದ ಭಾರ ಎಷ್ಟೆಂಬುದು ಮನವರಿಕೆಯಾಗುತ್ತದೆ. ಮರುಮಾರಾಟದಲ್ಲಿ ಕೊಂಡವರಿಗೆ ಎಲ್ಲ ಸೌಲಭ್ಯವೂ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಡಿಸ್ನಿ ವೆಕೇಶನ್ ಕ್ಲಬ್ಬಿನಲ್ಲಿ 2019ರ ಜನವರಿ 19ರಿಂದೀಚೆಗೆ ಹಳೆಯ ರೆಸಾರ್ಟ್‌ಗಳ ಪಾಯಿಂಟ್‌ಗಳನ್ನು ಹೀಗೆ ಕೊಂಡವರು, ಅದರ ನಂತರ ಸೇರಿದ ರಿವಿಯೆರಾದಂತಹ ರೆಸಾರ್ಟ್‌ಗಳಲ್ಲಿ ಅವನ್ನು ಬಳಸುವಂತಿಲ್ಲ.

ಹಳೆಯ ಮಾಲೀಕರ ಮಾತೊಂದನ್ನೇ ನೆಚ್ಚಿಕೊಳ್ಳದೆ ರೆಸಾರ್ಟಿನಿಂದಲೇ ಲಿಖಿತ ದೃಢೀಕರಣ ಪಡೆಯಿರಿ: ಹೆಸರು ಯಾರದು, ಬಾಕಿ ಶುಲ್ಕವೆಷ್ಟು, ಸಾಲವಿದೆಯೇ, ಈ ವರ್ಷದ ವಾರ ಅಥವಾ ಪಾಯಿಂಟ್ ಈಗಾಗಲೇ ಖರ್ಚಾಗಿದೆಯೇ, ಮುಂದಿನ ಶುಲ್ಕ ಕಟ್ಟುವ ದಿನ ಯಾವುದು. ಹಣವನ್ನು ನೇರವಾಗಿ ಮಾರುವವರ ಕೈಗೆ ಕೊಡದೆ, ವರ್ಗಾವಣೆ ಮುಗಿಯುವವರೆಗೆ ನಂಬಿಕಸ್ಥ ಮೂರನೆಯವರ ಎಸ್ಕ್ರೋ ಖಾತೆಯಲ್ಲಿ ಇರಿಸಬೇಕು. ಒಪ್ಪಂದವಾದ ಬೆಲೆಗೆ ತಾನೇ ಮೊದಲು ಕೊಳ್ಳುವ ಹಕ್ಕನ್ನು ಕೆಲವು ಕಂಪನಿಗಳು ಉಳಿಸಿಕೊಂಡಿರುವುದರಿಂದ ವ್ಯವಹಾರ ಕೆಲವು ವಾರ ತಡವಾಗಬಹುದು, ಮುರಿದುಬೀಳಲೂಬಹುದು.

ಈಗ ಹೊರಬರುವ ದಾರಿ. ಕರಾರನ್ನು ಕೈಗೆತ್ತಿಕೊಂಡು ಅವಧಿ, ಮರಳಿಸುವಿಕೆ, ವಾರಸುದಾರರು ಎಂಬ ಮೂರು ವಿಷಯಗಳ ಷರತ್ತುಗಳನ್ನು ಹುಡುಕಿ. ಶುಲ್ಕವೆಲ್ಲ ಕಟ್ಟಿ, ಸಾಲವೂ ತೀರಿದ್ದರೆ ಹಕ್ಕನ್ನು ವಾಪಸು ಪಡೆಯುವ ವ್ಯವಸ್ಥೆಯನ್ನು ಕೆಲವು ಕಂಪನಿಗಳು ಇಟ್ಟುಕೊಂಡಿವೆ, ಆದರೆ ಅದು ಅವರ ಇಚ್ಛೆಗೆ ಬಿಟ್ಟ ಸೌಲಭ್ಯವೇ ಅಥವಾ ಕರಾರಿನಲ್ಲೇ ಬರೆದ ನಿಮ್ಮ ಹಕ್ಕೇ ಎಂಬುದು ಮುಖ್ಯ. ಕೊನೆಯ ದಿನಾಂಕವಿಲ್ಲದ ಕರಾರಿಗೆ ಮಕ್ಕಳ ಹೆಸರನ್ನು ಪ್ರೀತಿಯಿಂದ ಸೇರಿಸುವವರಿದ್ದಾರೆ. ಹಾಗೆ ಸೇರಿಸಿದರೆ ಶುಲ್ಕದ ಹೊಣೆಯೂ ಅವರ ಮೇಲೆ ಬೀಳುತ್ತದೆ. ಬೇಡವಾದಾಗ ಕೊಳ್ಳುವವರು ಸಿದ್ಧರಿದ್ದಾರೆ, ಮೊದಲು ಇಷ್ಟು ತೆರಿಗೆ ಕಟ್ಟಿ ಎಂದು ಫೋನ್ ಮಾಡುವವರ ಬಗ್ಗೆ, ಕರಾರಿನಿಂದ ಬಿಡಿಸಿಕೊಡುತ್ತೇವೆ ಎಂದು ಮುಂಗಡ ಕೇಳುವವರ ಬಗ್ಗೆ ಅಮೆರಿಕದ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಕೆ ಕೊಟ್ಟಿದೆ. ಇಂತಹ ವಂಚನೆ ಎಷ್ಟು ದೊಡ್ಡದೆಂದರೆ, ಮೆಕ್ಸಿಕೋದ ಹಾಲಿಸ್ಕೋ ಮಾದಕವಸ್ತು ಜಾಲದ ಟೈಮ್‌ಶೇರ್ ವಂಚನೆಗೆ ಸಂಬಂಧಿಸಿದ ಕಂಪನಿಗಳ ಮೇಲೆ 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ನಿರ್ಬಂಧ ಹೇರಬೇಕಾಯಿತು.

ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಹಲವು ಕಡೆ ಕಾನೂನು ಅವಕಾಶ ಕೊಡುತ್ತದೆ. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಪಡೆಯುವುದೂ ನಿಷಿದ್ಧ. ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ: ಫ್ಲಾರಿಡಾದಲ್ಲಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7 ದಿನ. ಪ್ರತ್ಯೇಕ ಕಾನೂನಿಲ್ಲದ ಕಡೆ ಕರಾರಿನಲ್ಲಿರುವ ರದ್ದತಿಯ ಷರತ್ತು ಮತ್ತು ಸಾಮಾನ್ಯ ಗ್ರಾಹಕ ಕಾನೂನುಗಳೇ ಆಧಾರ. ಆದ್ದರಿಂದ ಸಹಿ ಹಾಕಿದ ರಾತ್ರಿಯೇ ಕರಾರನ್ನು ಮೊದಲ ಪುಟದಿಂದ ಓದಿ, ರದ್ದತಿಯ ಕೊನೆಯ ದಿನವನ್ನು ಗುರುತು ಹಾಕಿಕೊಳ್ಳಿ. ಬೇಡವೆನಿಸಿದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ; ಕರಾರಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ರೀತಿಯಲ್ಲೇ, ಹೆಸರು, ಕರಾರಿನ ಸಂಖ್ಯೆ, ಸಹಿ ಹಾಕಿದ ದಿನಾಂಕ ಮತ್ತು ರದ್ದುಪಡಿಸುತ್ತಿದ್ದೇನೆ ಎಂಬ ಒಂದೇ ಸಾಲಿನೊಂದಿಗೆ ಪತ್ರ ಬರೆದು, ಕೊಂಡವರೆಲ್ಲರೂ ಸಹಿ ಮಾಡಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಅಂಚೆಯ ರಸೀದಿಯನ್ನೂ ಪತ್ರದ ಪ್ರತಿಯನ್ನೂ ಕಟ್ಟಿದ ಹಣ ಪೂರ್ತಿ ಮರಳಿ ಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.