ಬಾದಾಮಿ ಗುಹೆಯ ಮಬ್ಬು ಬೆಳಕು, ಸ್ಟ್ಯಾಂಡ್ ಇಲ್ಲದ ಕ್ಯಾಮೆರಾ

ಬಾದಾಮಿಯ ಮೂರನೇ ಗುಹೆಯಲ್ಲಿ ಶೇಕ್ ಆಗದ ಫೋಟೋ ತೆಗೆಯೋದು ಸುಲಭವಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೋದಷ್ಟೂ ಕತ್ತಲು. ಅನುಮತಿ ಇಲ್ಲದೆ ಟ್ರೈಪಾಡ್ ಬಿಚ್ಚುವಂತಿಲ್ಲ. 'ಸ್ಟ್ಯಾಂಡ್ ಹಚ್ಚಂಗಿಲ್ರಿ' ಅಂತ ಕಾವಲಿನವರು ಮೊದಲೇ ಹೇಳಿಬಿಡುತ್ತಾರೆ. ಫ್ಲ್ಯಾಶ್ ಅಂತೂ ನನಗೇ ಬೇಡ. ನೆರಳೆಲ್ಲ ಅಳಿಸಿ ಶಿಲ್ಪ ಚಪ್ಪಟೆಯಾಗುತ್ತದೆ. ಉಳಿದದ್ದು ಎರಡು ಕೈ, ಕ್ಯಾಮೆರಾ ಜೊತೆಗೇ ಬರುವ ಒಂದು 18-55 ಎಂಎಂ ಕಿಟ್ ಲೆನ್ಸ್ (18ರಲ್ಲಿ ಅಗಲ ನೋಟ, 55ರಲ್ಲಿ ಪೂರ್ತಿ ಜೂಮ್).

ಬಂದವರಲ್ಲಿ ಬಹಳ ಮಂದಿ ದೂರದಲ್ಲೇ ನಿಂತು ಜೂಮ್ ಮಾಡುತ್ತಾರೆ. ಫೋಟೋ ಕೆಡೋದು ಅಲ್ಲೇ. ಜೂಮ್ ಮಾಡಿದಷ್ಟೂ ಕೈನಡುಕವೂ ದೊಡ್ಡದಾಗುತ್ತದೆ. ಹಳೆ ಫೋಟೋಗ್ರಾಫರ್‌ಗಳ ಲೆಕ್ಕ ಹೀಗಿದೆ: 50 ಎಂಎಂ ಲೆನ್ಸಿಗೆ ಕನಿಷ್ಠ 1/50 ಸೆಕೆಂಡಿನ ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) ಬೇಕು. ನನ್ನದು ಎಪಿಎಸ್-ಸಿ ಸೆನ್ಸರ್, ಅಂದರೆ ಹಳೆ ಫಿಲ್ಮಿಗಿಂತ ಸಣ್ಣದು; ಆ ಲೆಕ್ಕವನ್ನು ಒಂದೂವರೆ ಪಟ್ಟು ಮಾಡಬೇಕು. ಅಂದರೆ 55ರಲ್ಲಿ ಸುಮಾರು 1/80. ಹತ್ತಿರ ಹೋಗಿ 18ರಲ್ಲಿ ತೆಗೆದರೆ 1/30 ಸಾಕು. ಇನ್ನೊಂದು ಲಾಭವೂ ಇದೆ. ಈ ಲೆನ್ಸ್ 18ರಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ, 55ರಲ್ಲಿ ಎಫ್ 5.6 ಅಷ್ಟೇ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಬೆಳಕು ಎರಡೂವರೆ ಪಟ್ಟು ಹೆಚ್ಚು ಸಿಕ್ಕಂತಾಯ್ತು. ಎರಡೂ ಕೂಡಿದರೆ, 55ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಕಾಳುಕಾಳು) 6400 ಬೇಡುವ ಕತ್ತಲಲ್ಲಿ 18ರಲ್ಲಿ 1000ದ ಆಸುಪಾಸಿಗೆ ಕೆಲಸ ಮುಗಿಯುತ್ತದೆ.

ಹಾಗಂತ ತೀರಾ ಹತ್ತಿರ ಹೋದರೆ ಶೇಷನ ಸುರುಳಿಯ ಮೇಲೆ ಕೂತ ವಿಷ್ಣುವಿನ ಮೊಣಕಾಲು ದೊಡ್ಡದಾಗಿ, ಮುಖ ಸಣ್ಣದಾಗಿ ಬರುತ್ತದೆ. ಅದಕ್ಕೆ ನಾನು ಸ್ವಲ್ಪ ಹಿಂದೆ ಸರಿದು, ಜೂಮನ್ನು 24ರ ಹತ್ತಿರ ಇಡುತ್ತೇನೆ.

ಕಂಬಗಳ ಮೇಲ್ತುದಿಯ ಜೋಡಿ ಶಿಲ್ಪಗಳಿಗೆ ಮಾತ್ರ ಜೂಮ್ ಬೇಕೇ ಬೇಕು. ಅಲ್ಲಿ ಐಎಸ್‌ಒ ಏರಿಸೋಕೆ ಹಿಂಜರಿಯೋದಿಲ್ಲ. ಕಾಳುಕಾಳಾದ ಫೋಟೋವನ್ನು ಆಮೇಲೆ ಸ್ವಲ್ಪ ಸುಧಾರಿಸಬಹುದು. ಶೇಕ್ ಆದದ್ದನ್ನು ಸರಿ ಮಾಡೋದು ಬಹಳ ಕಷ್ಟ. ಆಟೋ ಐಎಸ್‌ಒ ಇಟ್ಟು, ಶಟರ್ 1/80ಕ್ಕಿಂತ ಕೆಳಗೆ ಇಳಿಯದಂತೆ ಮೆನುವಿನಲ್ಲೇ ಕಟ್ಟಿಹಾಕಿರುತ್ತೇನೆ.

ಹಿಡಿಯುವ ರೀತಿ ಗೊತ್ತಿರೋದೇ. ಎಡಗೈ ಲೆನ್ಸಿನ ಅಡಿಗೆ, ಮೊಣಕೈ ಪಕ್ಕೆಗೆ, ಉಸಿರು ಬಿಡುತ್ತಾ ಬಟನ್ ನಿಧಾನವಾಗಿ ಒತ್ತುವುದು. ಬರ್ಸ್ಟ್‌ನಲ್ಲಿ ಒಂದರ ಹಿಂದೊಂದು ಮೂರ್ನಾಲ್ಕು ಫೋಟೋ ಹೊಡೆದರೆ ನಡುವಿನದೇ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಬೆರಳು ಒತ್ತುವ ಜರ್ಕ್ ಮೊದಲನೆಯದಕ್ಕೆ ಬೀಳುತ್ತದಲ್ಲ. ಒರಗಬೇಕೆನಿಸಿದರೆ ಕೆತ್ತನೆಗೆ ಮಾತ್ರ ಒರಗಬೇಡಿ. ಕ್ರಿ.ಶ. 578ರ ಶಾಸನ ಇರುವ ಗುಹೆ ಅದು, ಮರಳುಗಲ್ಲು ಸವೆಯುತ್ತದೆ. ಸುಮ್ನೆ ನೆಲದ ಮೇಲೆ ಕೂತು ಮೊಣಕಾಲಿಗೆ ಮೊಣಕೈ ಊರಿದರೆ ಸಾಕು.

ಛಾವಣಿಯ ಕೆತ್ತನೆಗೆ ಕತ್ತೆತ್ತಿ ತೆಗೆದರೆ ಮೈಯೇ ತೂಗಾಡುತ್ತದೆ. ಕರವಸ್ತ್ರ ಹಾಸಿ ಕ್ಯಾಮೆರಾವನ್ನು ಅಂಗಾತ ಮಲಗಿಸಿ, 2 ಸೆಕೆಂಡ್ ಟೈಮರ್ ಇಡುತ್ತೇನೆ. ಆಗ ಐಎಸ್‌ಒ 200 ಇಟ್ಟು ಶಟರನ್ನು ಅರ್ಧ ಸೆಕೆಂಡು ತೆರೆದರೂ ನಡೆಯುತ್ತದೆ. ಕ್ಯಾಮೆರಾದ ಪಟ್ಟಿ ಮಾತ್ರ ಕೈಗೆ ಸುತ್ತಿರಲಿ. ಬಾದಾಮಿಯ ಮಂಗಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ?

ತೆಗೆದ ಮೇಲೆ ಅಲ್ಲೇ ಸ್ಕ್ರೀನ್ ಹಿಗ್ಗಿಸಿ ನೋಡಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿಂದಿನ ಕಂಬ ಸ್ಪಷ್ಟ, ಮುಂದಿನ ಮುಖ ಮಸುಕು ಅಂದರೆ ಫೋಕಸ್ ತಪ್ಪಿದೆ. ಎದುರು ನಿಂತ ಮಗು ಮಾತ್ರ ಮಸುಕಾಗಿದ್ದರೆ ಮಗು ಅಲುಗಿದೆ. ಇದಕ್ಕೆ ಕೈನಡುಕ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಏನೂ ಮಾಡಲಾರದು. ಶಟರ್ 1/125ಕ್ಕೋ 1/250ಕ್ಕೋ ಏರಿಸಿ ಇನ್ನೊಂದು ತೆಗೆಯಿರಿ.